ಬೆಳಕಿನ ಪ್ರದಕ್ಷಿಣೆ

೧

ಕ್ರಿ. ಶ. ೧೯೫೬ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಪ್ರಕಟಿಸುತ್ತಿದ್ದ ನಡವಳಿಯ ೪೪ನೆಯ ಸಂಪುಟದಲ್ಲಿ ಹದಿನಾರು ಪುಟಗಳ ಒಂದು ಲೇಖನವು ಅಚ್ಚಾಯಿತು. ಅದನ್ನು ಬರೆದವರು ಎಸ್. ಪಂಚರತ್ನಂ ಎಂಬ ಇಪ್ಪತ್ತೆರಡು ವರ್ಷ ಪ್ರಾಯದ ತರುಣರು. ಬೆಳಕಿನ ಕಿರಣಗಳು ಒಂದರೊಡನೊಂದು ಕೂಡುವ ಬಗೆಯನ್ನು ವಿಚಾರಿಸಿದ ಆ ಲೇಖನವು ಸುಮಾರು ಮೂವತ್ತು ವರ್ಷಗಳ ಕಾಲ ಹೊರಗಿನ ವಿದ್ವಾಂಸರ ಗಮನಕ್ಕೆ ಬಾರದೆ ಉಳಿಯಿತು. ಆ ಬಳಿಕ ಅದೇ ಲೇಖನವು ಒಂದು ದೊಡ್ಡ ಶಾಸ್ತ್ರಶಾಖೆಯ ಮೂಲಬರಹಗಳಲ್ಲಿ ಒಂದೆಂದು ಎಣಿಕೆಗೆ ಬಂದಿತು.

ಚಿನ್ನದ ಅತಿಸೂಕ್ಷ್ಮವಾದ ಬಿಲ್ಲೆಗಳನ್ನು ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿ, ಬೆಳಕನ್ನು ಆ ಸಾಲಿನ ತುದಿಯಲ್ಲಿ ಸೆರೆಹಿಡಿಯುವ ವಿದ್ಯೆಯೊಂದು ಈಗ ಬೆಳೆದಿದೆ. ಕೃತಕ ಪ್ಲಾಸ್ಮಾನ್ ಜಾಲಕಗಳ ಟೊಪಾಲಜೀಯ ಸ್ಥಿತಿಗಳು ಎಂದು ಅದರ ವಿಷಯಕ್ಕೆ ಹೆಸರು. ಹೆಸರು ಬೆದರಿಸುವಂತಿದ್ದರೂ ವಿಷಯವು ಹಾಗಿಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿತೋಟಗಳನ್ನು ಕಂಡವರಿಗೆ ಇದಕ್ಕೆ ಬೇಕಾದ ಉಪಮಾನಗಳು ಮನೆಯ ಬಳಿಯಲ್ಲಿಯೇ ದೊರೆಯುವುವು. ಈ ವಿದ್ಯೆಯ ಮೂಲತತ್ತ್ವವನ್ನೂ, ಬೆಂಗಳೂರಿನ ಆ ಲೇಖನವು ಮರೆಯಾಗಿದ್ದು ಮತ್ತೆ ಬೆಳಕಿಗೆ ಬಂದ ಬಗೆಯನ್ನೂ ನಿರೂಪಿಸುವುದು ಈ ಪ್ರಬಂಧದ ಉದ್ದೇಶವಾಗಿದೆ. ಒಂದು ಪ್ರಾಂತದಲ್ಲಿ ಅಚ್ಚಾದ ಮಾತು ಜಗತ್ತಿನ ಕಿವಿಗೆ ಬೀಳದೆ ಹೋಗುವುದೇಕೆ ಎಂಬ ಪ್ರಶ್ನೆಯು ಈ ವೃತ್ತಾಂತದೊಳಗೆ ಅಡಗಿರುವುದು. ಅದು ಕೇವಲ ಭೌತವಿಜ್ಞಾನಿಗಳ ಪ್ರಶ್ನೆಯಲ್ಲ. ಸಣ್ಣ ಊರಿನಲ್ಲಿ ಕುಳಿತು ಬರೆಯುವ, ಓದುವ ಎಲ್ಲರ ಪ್ರಶ್ನೆ.

೨

ವಸ್ತುಗಳಲ್ಲಿ ಬಣ್ಣವು ಎರಡು ಬಗೆಯಿಂದ ಹುಟ್ಟುವುದು. ಮೊದಲನೆಯದು ದ್ರವ್ಯದಿಂದ. ಮಾಗಿದ ಕಾಫಿಹಣ್ಣಿನ ಕೆಂಪೂ ಅರಿಸಿನದ ಹಳದಿಯೂ ಇಂತಹವು. ಹಣ್ಣನ್ನು ಹಿಸುಕಿದರೂ, ಕೊಂಬನ್ನು ಕುಟ್ಟಿ ಪುಡಿಮಾಡಿದರೂ ಬಣ್ಣವು ಬಿಟ್ಟುಹೋಗುವುದಿಲ್ಲ. ಎರಡನೆಯದು ಅವಯವಗಳ ಸನ್ನಿವೇಶದಿಂದ, ಎಂದರೆ ಅವುಗಳ ಜೋಡಣೆಯ ಕ್ರಮದಿಂದ. ಕಡೂರು ತರೀಕೆರೆಗಳ ಬಯಲಿನಲ್ಲಿ ತಂತಿಯ ಮೇಲೆ ಕುಳಿತು ಥಟ್ಟನೆ ರೆಕ್ಕೆ ಬಿಚ್ಚುವ ನೀಲಕಂಠಪಕ್ಷಿಯ ನೀಲವು ಈ ಎರಡನೆಯ ಜಾತಿಗೆ ಸೇರಿದುದು. ಆ ಗರಿಯಲ್ಲಿ ನೀಲಿಯ ಬಣ್ಣದ್ರವ್ಯವೆಂಬುದೇ ಇಲ್ಲ. ಗರಿಯನ್ನು ಅರೆದರೆ ನೀಲವು ಮಾಯವಾಗಿ ಮಾಸಲು ಪುಡಿಯು ಉಳಿಯುವುದು. ಸರ್ ಸಿ. ವಿ. ರಾಮನ್ನರು ೧೯೩೪ರಲ್ಲಿ, ಆ ವರ್ಷವೇ ತಾವು ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ನಡವಳಿಯ ಮೊದಲ ಸಂಪುಟದಲ್ಲಿಯೇ, ಈ ಹಕ್ಕಿಯ ಗರಿಯ ಬಣ್ಣವನ್ನು ಪರೀಕ್ಷಿಸಿ ಬರೆದಿರುವರು.

ಪ್ರಕೃತಿಯು ಗರಿಯಲ್ಲಿ ಮಾಡುವ ಈ ಕೆಲಸವನ್ನು ಮನುಷ್ಯನು ತನ್ನ ಕೈಯಿಂದ ಮಾಡಬಹುದೇ? ಮಾಡಬಹುದೆಂದು ಬಹಳ ಹಿಂದೆಯೇ ತೋರಿಸಿದವರಲ್ಲಿ ಜಗದೀಶಚಂದ್ರ ಬೋಸರು ಒಬ್ಬರು. ಅವರು ೧೮೯೮ರಲ್ಲಿ ಸೆಣಬಿನ ನಾರುಗಳನ್ನು ಹುರಿಮಾಡಿದ ಕಟ್ಟುಗಳನ್ನು ವಿದ್ಯುತ್ತಿನ ಅಲೆಗಳ ದಾರಿಯಲ್ಲಿ ಇರಿಸಿ ಪರೀಕ್ಷಿಸಿದರು. ಅಲೆಯು ಅಲುಗುವ ದಿಕ್ಕು ಆ ಹುರಿಯನ್ನು ಹಾಯುವಾಗ ತಿರುಗಿಬಿಟ್ಟಿತು. ಹುರಿಯನ್ನು ಬಲಕ್ಕೆ ಹೊಸೆದಿದ್ದರೆ ಒಂದು ಕಡೆಗೆ, ಎಡಕ್ಕೆ ಹೊಸೆದಿದ್ದರೆ ಮತ್ತೊಂದು ಕಡೆಗೆ. ಎರಡರಲ್ಲಿಯೂ ನಾರು ಒಂದೇ. ಹೊಸೆದ ರೀತಿಯು ಮಾತ್ರ ಬೇರೆ. ಕೃತಕ ರಚನೆಯಿಂದ ಅಲೆಗಳನ್ನು ಆಳುವ ವಿದ್ಯೆಯ ಇತಿಹಾಸವನ್ನು ಬರೆಯುವವರು ಇಂದಿಗೂ ಈ ಸೆಣಬಿನ ಹುರಿಯನ್ನು ನೆನೆಯುವರು.

ಲೋಹಗಳ ವಿಷಯದಲ್ಲಿ ಸನ್ನಿವೇಶದ ಮಹಿಮೆಯು ಇನ್ನೂ ವಿಚಿತ್ರವಾಗಿದೆ. ನಾಲ್ಕನೆಯ ಶತಮಾನದ ರೋಮನ್ನರ ಗಾಜಿನ ಬಟ್ಟಲೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಇರುವುದು. ಮುಂದಿನಿಂದ ಬೆಳಕು ಬಿದ್ದರೆ ಅದು ಹಸುರು. ಒಳಗೆ ದೀಪವಿಟ್ಟರೆ ಕೆಂಪು. ಆ ಗಾಜಿನಲ್ಲಿ ಚಿನ್ನಬೆಳ್ಳಿಗಳ ಅತಿಸೂಕ್ಷ್ಮ ಕಣಗಳು ಬೆರೆತಿರುವುದೇ ಇದಕ್ಕೆ ಕಾರಣ. ಮೈಕೇಲ್ ಫ್ಯಾರಡೆಯವರು ೧೮೫೭ರಲ್ಲಿ ಚಿನ್ನವನ್ನು ನೀರಿನಲ್ಲಿ ಅಂತಹ ಕಣಗಳಾಗಿ ತೇಲಿಸಿ, ಮಾಣಿಕ್ಯದ ಬಣ್ಣವು ಹುಟ್ಟುವುದನ್ನು ವಿವರಿಸಿದರು. ಜರ್ಮನಿಯ ಗುಸ್ತಾವ್ ಮೀ ಅವರು ೧೯೦೮ರಲ್ಲಿ ಇದರ ಲೆಕ್ಕವನ್ನು ಕಟ್ಟಿಕೊಟ್ಟರು. ಲೋಹದೊಳಗೆ ಯಾವ ಒಂದು ಪರಮಾಣುವಿಗೂ ಕಟ್ಟುಬೀಳದೆ ಅಲೆದಾಡುವ ಎಲೆಕ್ಟ್ರಾನುಗಳ ಸಮೂಹವಿರುವುದು. ಬೆಳಕು ಸೋಕಿದಾಗ, ತಲೆಯ ಮೇಲಿನ ಕೊಡದಲ್ಲಿ ನೀರು ತುಳುಕುವಂತೆ, ಆ ಸಮೂಹವೆಲ್ಲವೂ ಒಟ್ಟಾಗಿ ಅತ್ತಿತ್ತ ತುಳುಕುವುದು. ಈ ಸಾಮೂಹಿಕವಾದ ತುಳುಕಾಟಕ್ಕೆ ಪ್ಲಾಸ್ಮಾನ್ ಎಂದು ಹೆಸರು. ಕೊಡದ ಗಾತ್ರಕ್ಕೂ ಆಕಾರಕ್ಕೂ ತಕ್ಕಂತೆ ತುಳುಕುವ ವೇಗವು ಬದಲಾಗುವಂತೆಯೇ, ಕಣದ ಗಾತ್ರ, ಆಕಾರ ಮತ್ತು ಅದರ ನೆರೆಹೊರೆಗಳಿಗೆ ತಕ್ಕಂತೆ ಚಿನ್ನದ ಬಣ್ಣವು ಬದಲಾಗುವುದು.

ಚಿನ್ನದ ಮುದ್ದೆಯನ್ನು ಕರಗಿಸಿ ಕಡಗವನ್ನು ಮಾಡುವರು, ಕಡಗವನ್ನು ಕರಗಿಸಿ ಮತ್ತೊಂದನ್ನು ಮಾಡುವರು. ಆಕೃತಿಯು ಬಂದುಹೋಗುವುದು, ದ್ರವ್ಯವು ನಿಲ್ಲುವುದು ಎಂಬ ವಿಚಾರವನ್ನು ಪತಂಜಲಿ ಮಹರ್ಷಿಗಳು ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿ ಎತ್ತಿರುವರು. ಪಾಠಶಾಲೆಯಲ್ಲಿ ಓದಿದವರೆಲ್ಲರೂ ಇದನ್ನು ಬಲ್ಲರು. ಅಲ್ಲಿ ಪ್ರಸ್ತುತವಾದುದು ಶಬ್ದಾರ್ಥಗಳ ನಿತ್ಯತೆಯೇ ಹೊರತು ಬೆಳಕಿನ ಶಾಸ್ತ್ರವಲ್ಲ. ಇಂದಿನ ವಿದ್ಯೆಯನ್ನು ಅಂದಿನ ಗ್ರಂಥದಲ್ಲಿ ಹುಡುಕುವುದು ಎರಡಕ್ಕೂ ಅಪಚಾರ. ಆದರೂ ಆ ದೃಷ್ಟಾಂತವನ್ನು ಇಲ್ಲಿ ನೆನೆದರೆ ಈ ಹೊಸ ಶಾಸ್ತ್ರದ ವೈಲಕ್ಷಣ್ಯವು ಸ್ಪಷ್ಟವಾಗುವುದು. ಇಲ್ಲಿ ಕೊನೆಗೆ ನಿಲ್ಲುವುದು ಚಿನ್ನವೂ ಅಲ್ಲ, ಕಡಗದ ನಿರ್ದಿಷ್ಟವಾದ ಆಕೃತಿಯೂ ಅಲ್ಲ. ಇವೆರಡಕ್ಕೂ ಮೀರಿದ ಒಂದು ಎಣಿಕೆ. ಅದು ಯಾವುದೆಂಬುದನ್ನು ತಿಳಿಯಲು ಮೊದಲು ಪಂಚರತ್ನಂ ಅವರ ವಿಚಾರವನ್ನು ತಿಳಿಯಬೇಕು.

೩

ಪಂಚರತ್ನಂ ಅವರು ೧೯೩೪ರಲ್ಲಿ ಕಲಕತ್ತೆಯಲ್ಲಿ ಜನಿಸಿದರು. ಅವರು ರಾಮನ್ನರ ಸೋದರಳಿಯಂದಿರು. ರಾಮನ್ನರು ೧೯೪೮ರಲ್ಲಿ ಭಾರತೀಯ ವಿಜ್ಞಾನ ಮಂದಿರದ ಸೇವೆಯಿಂದ ನಿವೃತ್ತರಾಗಿ, ಮೈಸೂರು ಸಂಸ್ಥಾನವು ಹಿಂದೆ ದಾನವಾಗಿ ಕೊಟ್ಟಿದ್ದ ನೆಲದಲ್ಲಿ ತಮ್ಮದೇ ಆದ ಸಂಶೋಧನಾ ಮಂದಿರವನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದರು. ಅಲ್ಲಿ ಅವರ ಬಳಿ ಕೆಲಸಮಾಡಿದ ಕೆಲವೇ ತರುಣರಲ್ಲಿ ಪಂಚರತ್ನಂ ಒಬ್ಬರು. ಸ್ಫಟಿಕಗಳ ಬಗೆಗೆ ರಾಮನ್ನರಿಗೆ ಇದ್ದ ವ್ಯಾಮೋಹವು ಸುಪ್ರಸಿದ್ಧವಾದುದು. ಅಯೋಲೈಟ್ ಎಂಬ ನೀಲಛಾಯೆಯ ಶಿಲೆಯೊಳಗೆ ಬೆಳಕು ಹಾಯುವಾಗ ಕಾಣುವ ಚಿತ್ರಗಳನ್ನು ಬಿಡಿಸಿ ಅರ್ಥಮಾಡುವ ಕೆಲಸದಲ್ಲಿ ಪಂಚರತ್ನಂ ತೊಡಗಿದರು. ಆ ಕೆಲಸವೇ ಅವರನ್ನು ಒಂದು ಮೂಲಭೂತವಾದ ಪ್ರಶ್ನೆಗೆ ಕೊಂಡೊಯ್ದಿತು.

ಬೆಳಕು ಒಂದು ಅಲೆ. ಹಗ್ಗದ ಒಂದು ತುದಿಯನ್ನು ಮರಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಮೇಲೆಕೆಳಗೆ ಅಲ್ಲಾಡಿಸಿದರೆ ಅಲೆಯು ಮೇಲೆಕೆಳಗೆ ಓಡುವುದು; ಎಡಬಲಕ್ಕೆ ಅಲ್ಲಾಡಿಸಿದರೆ ಎಡಬಲಕ್ಕೆ; ಕೈಯನ್ನು ವೃತ್ತವಾಗಿ ತಿರುಗಿಸಿದರೆ ಸುರುಳಿಯಾಗಿ. ಬೆಳಕಿನ ಅಲುಗಾಟಕ್ಕೂ ಇಂತಹ ಭೇದಗಳು ಉಂಟು. ಇದನ್ನು ಧ್ರುವೀಕರಣವೆನ್ನುವರು. ಫ್ರಾನ್ಸಿನ ಆನ್ರಿ ಪಾಯಿಂಕಾರೆಯವರು ೧೮೯೨ರಲ್ಲಿ ಈ ಭೇದಗಳನ್ನೆಲ್ಲ ಒಂದು ಗೋಲದ ಮೇಲೆ ಬರೆದು ತೋರಿಸಿದರು. ಆ ಗೋಲದ ಸಮಭಾಜಕ ವೃತ್ತದ ಮೇಲೆ ಸರಳರೇಖೆಯಲ್ಲಿ ಅಲುಗುವ ಬೆಳಕುಗಳು, ಎರಡು ಧ್ರುವಗಳಲ್ಲಿ ಬಲಸುರುಳಿ ಎಡಸುರುಳಿಗಳು, ನಡುವೆ ಮಿಶ್ರವಾದವು. ಹೀಗೆ ಒಂದೊಂದು ಬಿಂದುವೂ ಒಂದೊಂದು ಬಗೆಯ ಬೆಳಕಿನ ಮನೆಯಾಯಿತು.

ಒಂದೇ ಬಗೆಯ ಎರಡು ಕಿರಣಗಳು ಹೆಜ್ಜೆಗೂಡಿವೆಯೆ, ಎಂದರೆ ಒಂದರ ಏರಿನೊಡನೆ ಇನ್ನೊಂದರ ಏರು ಸೇರುವುದೆ ಎಂಬುದನ್ನು ಹೇಳುವುದು ಸುಲಭ. ಆದರೆ ಬೇರೆ ಬೇರೆ ದಿಕ್ಕಿನಲ್ಲಿ ಅಲುಗುವ ಎರಡು ಕಿರಣಗಳು ಹೆಜ್ಜೆಗೂಡಿವೆಯೆಂದು ಹೇಳುವುದು ಹೇಗೆ? ಪಂಚರತ್ನಂ ಅವರು ಕೊಟ್ಟ ಲಕ್ಷಣವು ಸರಳವಾದುದು: ಎರಡನ್ನೂ ಕೂಡಿಸಿದಾಗ ಯಾವ ಸ್ಥಿತಿಯಲ್ಲಿ ಅತ್ಯಂತ ಹೆಚ್ಚಿನ ಬೆಳಕು ದೊರೆಯುವುದೋ ಆ ಸ್ಥಿತಿಯಲ್ಲಿ ಅವು ಹೆಜ್ಜೆಗೂಡಿವೆಯೆಂದು ತಿಳಿಯತಕ್ಕದ್ದು. ಈ ಲಕ್ಷಣವನ್ನು ಹಿಡಿದು ಅವರು ಮುಂದೆ ನಡೆದಾಗ ಒಂದು ಆಶ್ಚರ್ಯವು ಎದುರಾಯಿತು. ಮೊದಲನೆಯ ಕಿರಣವು ಎರಡನೆಯದರೊಡನೆ ಹೆಜ್ಜೆಗೂಡಿದೆ, ಎರಡನೆಯದು ಮೂರನೆಯದರೊಡನೆ ಹೆಜ್ಜೆಗೂಡಿದೆ ಎಂದಿಟ್ಟುಕೊಂಡರೂ, ಮೂರನೆಯದು ಮೊದಲನೆಯದರೊಡನೆ ಹೆಜ್ಜೆಗೂಡಿರಬೇಕೆಂಬ ನಿಯಮವಿಲ್ಲ. ಮಿತ್ರನ ಮಿತ್ರನು ಮಿತ್ರನಾಗಲೇಬೇಕಿಲ್ಲವಷ್ಟೆ! ಎಷ್ಟು ಹೆಜ್ಜೆ ತಪ್ಪುವುದೆಂಬುದಕ್ಕೂ ಅವರು ಲೆಕ್ಕವನ್ನು ಕೊಟ್ಟರು. ಪಾಯಿಂಕಾರೆಯ ಗೋಲದ ಮೇಲೆ ಈ ಮೂರು ಬಿಂದುಗಳನ್ನು ಸೇರಿಸಿ ಎಳೆದ ತ್ರಿಕೋಣವು ಎಷ್ಟು ಕ್ಷೇತ್ರವನ್ನು ಆವರಿಸುವುದೋ ಅದರ ಅರ್ಧದಷ್ಟು. ಗೋಲದ ಎಂಟನೆಯ ಒಂದು ಪಾಲನ್ನು ಆವರಿಸುವ ತ್ರಿಕೋಣವಾದರೆ, ಹೆಜ್ಜೆಯು ೪೫ ಅಂಶಗಳಷ್ಟು, ಎಂದರೆ ಒಂದು ಪೂರ್ಣ ಅಲೆಯ ಎಂಟನೆಯ ಒಂದು ಪಾಲಿನಷ್ಟು ತಪ್ಪುವುದು.

ಇದರ ತಾತ್ಪರ್ಯವಿಷ್ಟು. ಬೆಳಕು ತನ್ನ ಧ್ರುವೀಕರಣವನ್ನು ಬದಲಿಸುತ್ತ ಬದಲಿಸುತ್ತ ಒಂದು ಪ್ರದಕ್ಷಿಣೆಯನ್ನು ಮುಗಿಸಿ ಹೊರಟ ಸ್ಥಿತಿಗೇ ಬಂದರೂ, ಅದು ಹೊರಟಾಗ ಇದ್ದಂತೆಯೇ ಇರುವುದಿಲ್ಲ. ತಾನು ಸುತ್ತಿ ಬಂದ ದಾರಿಯ ಗುರುತೊಂದನ್ನು ತನ್ನ ಹೆಜ್ಜೆಯಲ್ಲಿ ಹೊತ್ತಿರುವುದು. ಭೂಗೋಳದ ಉತ್ತರ ಧ್ರುವದಿಂದ ಒಬ್ಬನು ಕೈಯಲ್ಲಿ ಕೋಲನ್ನು ಮುಂದಕ್ಕೆ ಚಾಚಿ ಹಿಡಿದು ಸಮಭಾಜಕ ವೃತ್ತದವರೆಗೆ ಇಳಿದು, ಕೋಲನ್ನು ಕಿಂಚಿತ್ತೂ ತಿರುಗಿಸದೆ ಆ ವೃತ್ತದಲ್ಲಿ ಕಾಲು ಸುತ್ತು ಪಕ್ಕಕ್ಕೆ ನಡೆದು, ಮತ್ತೆ ಧ್ರುವಕ್ಕೆ ಹಿಂದಿರುಗಿದನೆನ್ನೋಣ. ಕೋಲು ೯೦ ಅಂಶಗಳಷ್ಟು ತಿರುಗಿರುವುದು. ಯಾರೂ ತಿರುಗಿಸಲಿಲ್ಲ; ನೆಲದ ಗೋಲಾಕಾರವೇ ತಿರುಗಿಸಿತು. ಬೆಳಕಿನ ಹೆಜ್ಜೆಗೂ ಆಗುವುದು ಇದೇ. ಆದುದರಿಂದಲೇ ಇದನ್ನು ಜ್ಯಾಮಿತೀಯ ಪ್ರಾವಸ್ಥೆ ಎಂದು ಕರೆಯುವರು. ಬೆಳಕು ಎಷ್ಟು ದೂರ ಓಡಿತು, ಎಷ್ಟು ಹೊತ್ತು ಓಡಿತು ಎಂಬುದರ ಹಂಗು ಇದಕ್ಕಿಲ್ಲ. ಯಾವ ದಾರಿಯನ್ನು ಸುತ್ತಿತು ಎಂಬುದೊಂದೇ ಇದನ್ನು ನಿರ್ಣಯಿಸುವುದು.

೪

ಪಂಚರತ್ನಂ ಅವರು ೧೯೬೧ರಿಂದ ೧೯೬೪ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ಶಾಖೆಯಲ್ಲಿ ರೀಡರಾಗಿದ್ದರು. ಬಳಿಕ ಆಕ್ಸ್‌ಫರ್ಡಿಗೆ ಹೋಗಿ ಜಿ. ಡಬ್ಲ್ಯೂ. ಸೀರೀಸ್ ಎಂಬವರೊಡನೆ ಪರಮಾಣುಗಳು ಬೆಳಕಿನೊಡನೆ ವರ್ತಿಸುವ ಬಗೆಯನ್ನು ಶೋಧಿಸಿದರು. ಆದರೆ ಆಯುಷ್ಯವು ಹ್ರಸ್ವವಾಗಿತ್ತು. ೧೯೬೯ರ ಮೇ ತಿಂಗಳಿನಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಅವರು ಆಕ್ಸ್‌ಫರ್ಡಿನಲ್ಲಿಯೇ ತೀರಿಕೊಂಡರು. ತಮ್ಮ ಹದಿನಾರು ಪುಟಗಳು ಎಲ್ಲಿಗೆ ಮುಟ್ಟುವುವೆಂಬುದನ್ನು ಅವರು ಕಾಣಲಿಲ್ಲ. ಗುರುಗಳಾದ ರಾಮನ್ನರೂ ಮರುವರ್ಷವೇ, ೧೯೭೦ರ ನವೆಂಬರಿನಲ್ಲಿ, ಕಾಲವಶರಾದರು. ಸೀರೀಸರು ತಮ್ಮ ತರುಣ ಸಹೋದ್ಯೋಗಿಯ ಲೇಖನಗಳೆಲ್ಲವನ್ನೂ ಕಲೆಹಾಕಿ ೧೯೭೫ರಲ್ಲಿ ಒಂದು ಗ್ರಂಥವಾಗಿ ಹೊರತಂದರು. ಅದೊಂದು ಮಹತ್ತ್ವದ ಉಪಕಾರವೆಂಬುದು ಮುಂದೆ ತಿಳಿಯಿತು.

೧೯೮೪ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಮೈಕೇಲ್ ಬೆರಿಯವರು, ಅಣುಲೋಕದ ವ್ಯವಸ್ಥೆಯೊಂದನ್ನು ನಿಧಾನವಾಗಿ ಬದಲಿಸುತ್ತ ಹೊರಟ ಸ್ಥಿತಿಗೆ ಮರಳಿ ತಂದರೆ ಅದು ದಾರಿಯ ಗುರುತನ್ನು ತನ್ನ ಪ್ರಾವಸ್ಥೆಯಲ್ಲಿ ಉಳಿಸಿಕೊಳ್ಳುವುದೆಂದು ಸಾಧಿಸಿದರು. ಜಗತ್ತಿನ ವಿದ್ವಾಂಸರೆಲ್ಲರೂ ಇದನ್ನು ಹೊಸ ಬೆಳಕೆಂದು ಸ್ವಾಗತಿಸಿದರು. ಆಗ ಬೆಂಗಳೂರಿನಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಎಂಬ ಇಬ್ಬರಿಗೆ ಪಂಚರತ್ನಂ ಅವರ ಹಳೆಯ ಲೇಖನವು ನೆನಪಿಗೆ ಬಂದಿತು. ರಾಮಶೇಷನ್ನರೂ ರಾಮನ್ನರ ಬಂಧುವರ್ಗಕ್ಕೆ ಸೇರಿದವರು. ಬೆರಿಯವರ ಪ್ರಾವಸ್ಥೆಗೆ ಪಂಚರತ್ನಂ ಅವರ ಕೆಲಸವು ಮುಂಚಿನದೊಂದು ಉದಾಹರಣೆಯೆಂದು ಅವರಿಬ್ಬರೂ ೧೯೮೬ರಲ್ಲಿ, ಬೆಂಗಳೂರಿನಿಂದ ೧೯೩೨ರಿಂದ ನಡೆದುಬಂದಿರುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಮರುವರ್ಷ ಬೆಂಗಳೂರಿಗೆ ಬಂದ ಬೆರಿಯವರು ಪಂಚರತ್ನಂ ಅವರ ಬರಹವನ್ನು ಓದಿದರು. ಆದ್ಯತೆಗಾಗಿ ಕಲಹವಾಡಲಿಲ್ಲ; ಅದೇ ೧೯೮೭ರಲ್ಲಿ, ಪಂಚರತ್ನಂ ಅವರ ಹೆಸರನ್ನು ತಲೆಬರಹದಲ್ಲಿಯೇ ಇರಿಸಿ ಒಂದು ಲೇಖನವನ್ನು ಪ್ರಕಟಿಸಿ, ಬೆಂಗಳೂರಿನ ತರುಣನು ಮುಂಚೆಯೇ ಕಂಡಿದ್ದುದನ್ನು ಜಗತ್ತಿಗೆ ತಿಳಿಸಿದರು. ೧೯೯೪ರಲ್ಲಿ ಮತ್ತೊಮ್ಮೆ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿಯೇ ಅವರನ್ನು ಕೊಂಡಾಡಿ ಬರೆದರು. ರಾಮನ್ ಸಂಶೋಧನಾ ಮಂದಿರದ ರಾಜೇಂದ್ರ ಭಂಡಾರಿ ಮತ್ತು ಜೋಸೆಫ್ ಸ್ಯಾಮ್ಯುಯೆಲ್ ಅವರು ೧೯೮೮ರಲ್ಲಿ ಲೇಸರ್ ಬೆಳಕಿನಿಂದ ಈ ಪ್ರಾವಸ್ಥೆಯನ್ನು ಪ್ರಯೋಗದಲ್ಲಿ ಅಳೆದರು. ದಾರಿಯು ಪೂರ್ತಿ ಸುತ್ತು ಬಾರದಿದ್ದರೂ ಪಂಚರತ್ನಂ ಅವರ ಲಕ್ಷಣದಿಂದ ಲೆಕ್ಕವನ್ನು ಮಾಡಬಹುದೆಂದೂ ತೋರಿಸಿದರು. ಇಂದು ಈ ತತ್ತ್ವವು ಪಂಚರತ್ನಂ–ಬೆರಿ ಪ್ರಾವಸ್ಥೆಯೆಂದು ಕರೆಯಲ್ಪಡುವುದು.

ನ್ಯಾಯವಾಗಿ ಹೇಳುವುದಾದರೆ, ಇಂತಹ ಗತಿಯು ಪಂಚರತ್ನಂ ಒಬ್ಬರಿಗೇ ಒದಗಿದುದಲ್ಲ. ಬಾಗಿದ ದಾರಿಯಲ್ಲಿ ಓಡುವ ಬೆಳಕಿನ ಅಲುಗಾಟದ ದಿಕ್ಕು ತಿರುಗುವುದನ್ನು ರಷ್ಯಾದಲ್ಲಿ ರಿತೋವ್ ಎಂಬವರು ೧೯೩೮ರಲ್ಲಿಯೂ, ವ್ಲಾದಿಮಿರ್‌ಸ್ಕಿ ಎಂಬವರು ೧೯೪೧ರಲ್ಲಿಯೂ ಬರೆದಿದ್ದರು. ಅವೂ ಬಹುಕಾಲ ಮರೆಯಲ್ಲಿದ್ದುವು.

೫

ಇನ್ನು ಎಣಿಕೆಯ ವಿಷಯ. ಕಳಸದಲ್ಲಿ ಕಳಸೇಶ್ವರನಿಗೆ ಪ್ರದಕ್ಷಿಣೆ ಬರುವ ಭಕ್ತನು ಗೋಡೆಯ ಹತ್ತಿರ ನಡೆಯಬಹುದು, ದೂರ ನಡೆಯಬಹುದು, ನಡುವೆ ಯಾರನ್ನೋ ಮಾತನಾಡಿಸಲು ಎರಡು ಹೆಜ್ಜೆ ಹಿಂದೆಯೂ ಬರಬಹುದು. ಹೊರಟ ಸ್ಥಳಕ್ಕೆ ಬಂದು ನಿಂತಾಗ ಅವನ ಪ್ರದಕ್ಷಿಣೆಯು ಒಂದಾಗಿರುವುದು, ಎರಡಾಗಿರುವುದು, ಮೂರಾಗಿರುವುದು; ಎರಡೂವರೆಯಾಗಿರಲಾರದು. ದಾರಿಯನ್ನು ಎಷ್ಟು ಸೊಟ್ಟಗೆ ಮಾಡಿದರೂ ಎಣಿಕೆಯು ಕೆಡುವುದಿಲ್ಲ. ಅದನ್ನು ಕೆಡಿಸಬೇಕಾದರೆ ಗರ್ಭಗುಡಿಯನ್ನೇ ಭೇದಿಸಿಕೊಂಡು ನಡೆಯಬೇಕು. ಹೀಗೆ ಎಳೆದರೂ ಬಾಗಿಸಿದರೂ ಮಾರ್ಪಡದ ಗುಣಗಳನ್ನು ವಿಚಾರಿಸುವ ಗಣಿತಕ್ಕೆ ಟೊಪಾಲಜಿಯೆಂದು ಹೆಸರು.

ಈ ಗಣಿತವು ವಸ್ತುಗಳ ಲೋಕಕ್ಕೆ ಇಳಿದುಬಂದುದು ಸುಮಾರು ನಾಲ್ವತ್ತೈದು ವರ್ಷಗಳ ಹಿಂದೆ. ೧೯೮೦ರಲ್ಲಿ ಜರ್ಮನಿಯ ಕ್ಲೌಸ್ ಫಾನ್ ಕ್ಲಿಟ್ಸಿಂಗ್ ಅವರು ಅತಿಶೈತ್ಯದಲ್ಲಿ, ಬಲವಾದ ಕಾಂತಕ್ಷೇತ್ರದಲ್ಲಿ ಇರಿಸಿದ ವಸ್ತುವೊಂದರ ವಿದ್ಯುತ್ತನ್ನು ಅಳೆಯುತ್ತಿದ್ದಾಗ, ಅಳತೆಯು ಮೆಟ್ಟಿಲು ಮೆಟ್ಟಿಲಾಗಿ, ಪೂರ್ಣಾಂಕಗಳಲ್ಲಿಯೇ ಏರುವುದನ್ನು ಕಂಡರು. ವಸ್ತುವಿನಲ್ಲಿ ಕಲ್ಮಷವಿದ್ದರೂ ಎಣಿಕೆಯು ಕದಲಲಿಲ್ಲ. ೧೯೮೨ರಲ್ಲಿ ಡೇವಿಡ್ ತೌಲೆಸ್ ಮತ್ತು ಅವರ ಸಂಗಡಿಗರು ಇದರ ಕಾರಣವನ್ನು ಬಿಡಿಸಿದರು. ಆ ಪೂರ್ಣಾಂಕಕ್ಕೂ ಬೆರಿಯವರ ಪ್ರಾವಸ್ಥೆಗೂ ಮೂಲದಲ್ಲಿರುವ ಜ್ಯಾಮಿತಿಯು ಒಂದೇ ಎಂದು ೧೯೮೩ರಲ್ಲಿ, ಬೆರಿಯವರ ಲೇಖನವು ಅಚ್ಚಾಗುವ ಮೊದಲೇ ಅದನ್ನು ಅರಿತಿದ್ದ ಬ್ಯಾರಿ ಸೈಮನ್ ಅವರು ತೋರಿಸಿಕೊಟ್ಟರು. ದಾರಿಯ ಗುರುತುಗಳನ್ನೆಲ್ಲ ಒಟ್ಟು ಕೂಡಿಸಿದರೆ ದೊರೆಯುವುದೇ ಆ ಪ್ರದಕ್ಷಿಣೆಯ ಎಣಿಕೆ. ೨೦೧೬ರ ಭೌತವಿಜ್ಞಾನದ ನೊಬೆಲ್ ಬಹುಮಾನವು ಈ ಬಗೆಯ ಕೆಲಸಗಳಿಗಾಗಿ ತೌಲೆಸ್, ಡಂಕನ್ ಹಾಲ್ಡೇನ್, ಮೈಕೇಲ್ ಕಾಸ್ಟರ್ಲಿಟ್ಜ್ ಎಂಬ ಮೂವರಿಗೆ ಸಂದಿತು. ಇದೇ ನಿಯಮವು ಬೆಳಕಿಗೂ ಸಲ್ಲುವುದೆಂದು ಹಾಲ್ಡೇನ್ ಮತ್ತು ಶ್ರೀನಿವಾಸ ರಘು ಅವರು ೨೦೦೮ರಲ್ಲಿ ಪ್ರಕಟಿಸಿದರು. ಮರುವರ್ಷವೇ ಅಮೆರಿಕೆಯಲ್ಲಿ ಅದು ಮೈಕ್ರೋವೇವ್ ಅಲೆಗಳ ಮೇಲೆ ಪ್ರಯೋಗದಿಂದ ಸಿದ್ಧವಾಯಿತು.

ಚಿನ್ನದ ಸಾಲಿಗೆ ಬರೋಣ. ಇಳಿಜಾರಿನಲ್ಲಿ ಕಾಫಿಗಿಡಗಳ ಒಂದು ಸಾಲಿದೆಯೆಂದು ಭಾವಿಸತಕ್ಕದ್ದು. ಗಿಡಗಳ ನಡುವಣ ಅಂತರವು ಒಂದು ಬಿಟ್ಟು ಒಂದು ಕಿರಿದು, ಹಿರಿದು ಎಂದಿರಲಿ. ಹತ್ತಿರದ ಎರಡೆರಡು ಗಿಡಗಳ ರೆಂಬೆಗಳು ಹೆಣೆದುಕೊಂಡು ಜೋಡಿಯಾಗುವುವು. ಸಾಲು ಕಿರಿದಾದ ಅಂತರದಿಂದ ಮೊದಲಾದರೆ ಎಲ್ಲ ಗಿಡಗಳಿಗೂ ಜೊತೆಯುಂಟು. ಹಿರಿದಾದ ಅಂತರದಿಂದ ಮೊದಲಾದರೆ ತುದಿಯ ಗಿಡವು ಒಂಟಿಯಾಗುವುದು. ಗಾಳಿಯು ಬೀಸಿದಾಗ ಜೋಡಿಗಳು ಒಂದು ರೀತಿಯಾಗಿ ತೂಗಿದರೆ ಆ ಒಂಟಿ ಗಿಡವು ತನ್ನದೇ ಆದ ರೀತಿಯಲ್ಲಿ ತೂಗುವುದು. ಅಂತರಗಳಲ್ಲಿ ಅಲ್ಲಲ್ಲಿ ಒಂದೆರಡು ಗೇಣು ವ್ಯತ್ಯಾಸವಾದರೂ, ಹಿರಿದು ಹಿರಿದಾಗಿಯೇ ಉಳಿಯುವ ತನಕ ತುದಿಯ ಗಿಡದ ಒಂಟಿತನವು ತಪ್ಪುವುದಿಲ್ಲ. ಅದನ್ನು ತಪ್ಪಿಸಬೇಕಾದರೆ ಎರಡು ಅಂತರಗಳನ್ನೂ ಒಮ್ಮೆ ಸಮಮಾಡಲೇಬೇಕು. ಹಾಗೆ ಸಮಮಾಡುವುದೇ ಮೇಲೆ ಹೇಳಿದ ಗರ್ಭಗುಡಿಯನ್ನು ಭೇದಿಸುವ ಕೆಲಸ. ಸು, ಶ್ರೀಫರ್, ಹೀಗರ್ ಎಂಬ ಮೂವರು ೧೯೭೯ರಲ್ಲಿ ಇಂಗಾಲದ ಉದ್ದನೆಯ ಸರಪಣಿಯೊಂದರ ವಿಷಯದಲ್ಲಿ ಈ ಲೆಕ್ಕವನ್ನು ಕಟ್ಟಿದರು.

೨೦೧೪ರಲ್ಲಿ ಪೊದ್ದುಬ್ನಿ, ಕಿವ್‌ಶಾರ್ ಮೊದಲಾದವರು ಇದನ್ನು ಲೋಹದ ಕಣಗಳಿಗೆ ಅನ್ವಯಿಸಿದರು. ಅವರ ಉಪಾಯವು ಮನೋಹರವಾಗಿದೆ. ಕಣಗಳ ಅಂತರವೆಲ್ಲವೂ ಸಮ. ಆದರೆ ಸಾಲು ಘಾಟಿಯ ರಸ್ತೆಯಂತೆ ಅಂಕುಡೊಂಕು. ಕಣದ ತುಳುಕಾಟವು ನೆರೆಯ ಕಣದ ಕಡೆಗೇ ಮುಖಮಾಡಿದ್ದರೆ ನಂಟು ಬಲವಾಗುವುದು, ಅಡ್ಡಲಾಗಿದ್ದರೆ ದುರ್ಬಲವಾಗುವುದು. ಸಾಲು ಪ್ರತಿ ತಿರುವಿನಲ್ಲಿಯೂ ಲಂಬವಾಗಿ ಬಾಗುವುದರಿಂದ, ಒಂದು ದಿಕ್ಕಿನಲ್ಲಿ ತುಳುಕುವ ಬೆಳಕಿಗೆ ನಂಟುಗಳು ಬಲ, ದುರ್ಬಲ, ಬಲ ಎಂಬ ಕ್ರಮದಲ್ಲಿ ತೋರುವುವು. ಅದಕ್ಕೆ ಅಡ್ಡಲಾಗಿ ತುಳುಕುವ ಬೆಳಕಿಗೆ ಕ್ರಮವು ತಿರುಗುಮುರುಗು. ಕಣಗಳ ಸಂಖ್ಯೆಯು ಬೆಸವಾಗಿದ್ದರೆ, ಒಂದು ಬಗೆಯ ಬೆಳಕು ಸಾಲಿನ ಈ ತುದಿಯಲ್ಲಿ ನಿಲ್ಲುವುದು, ಇನ್ನೊಂದು ಬಗೆಯದು ಆ ತುದಿಯಲ್ಲಿ. ಬೆಳಕಿನ ಧ್ರುವೀಕರಣವನ್ನು ತಿರುಗಿಸಿದಷ್ಟಕ್ಕೇ ದೀಪವು ಒಂದು ತುದಿಯಿಂದ ಇನ್ನೊಂದಕ್ಕೆ ದಾಟುವುದು. ಮರುವರ್ಷ, ೨೦೧೫ರಲ್ಲಿ, ಗಾಜಿನ ಮೇಲೆ ಚಿನ್ನದ ಬಿಲ್ಲೆಗಳನ್ನು ಹೀಗೆ ಜೋಡಿಸಿ ತುದಿಯ ಬೆಳಕನ್ನು ಕಂಡೂ ಆಯಿತು.

ಪಂಚರತ್ನಂ ಅವರ ಪ್ರಾವಸ್ಥೆಯು ಇದಕ್ಕಿಂತ ನೇರವಾಗಿ ಕೆಲಸಮಾಡುವ ಜಾಲಕಗಳೂ ಉಂಟು. ೨೦೦೨ರಲ್ಲಿ ಇಸ್ರೇಲಿನ ಹೈಫಾ ನಗರದ ವಿದ್ವಾಂಸರು, ಅತಿಸೂಕ್ಷ್ಮ ಗೀರುಗಳ ದಿಕ್ಕನ್ನು ಸ್ಥಳದಿಂದ ಸ್ಥಳಕ್ಕೆ ತಿರುಗಿಸುತ್ತ ಹೋಗಿ, ಸುರುಳಿಬೆಳಕಿನ ಹೆಜ್ಜೆಯನ್ನು ಬೇಕಾದಂತೆ ತಿದ್ದುವ ಫಲಕಗಳನ್ನು ರಚಿಸಿ, ಅವುಗಳಿಗೆ ಪಂಚರತ್ನಂ–ಬೆರಿ ಫಲಕಗಳೆಂದೇ ಹೆಸರಿಟ್ಟರು. ಒಂದು ಅವಯವವನ್ನು ಎಷ್ಟು ಅಂಶ ತಿರುಗಿಸುವರೋ ಬೆಳಕಿನ ಹೆಜ್ಜೆಯು ಅದರ ಇಮ್ಮಡಿ ತಿರುಗುವುದು. ೨೦೧೬ರಲ್ಲಿ ಅಮೆರಿಕೆಯ ಹಾರ್ವರ್ಡಿನಲ್ಲಿ ಇದೇ ತತ್ತ್ವದಿಂದ, ಉಬ್ಬುತಗ್ಗುಗಳಿಲ್ಲದ ಚಪ್ಪಟೆಯಾದ ಮಸೂರವನ್ನು ಟೈಟಾನಿಯಂ ಆಕ್ಸೈಡಿನ ಸೂಕ್ಷ್ಮವಾದ ರೆಕ್ಕೆಗಳಿಂದ ಮಾಡಿದರು.

ಲೋಹಕ್ಕೆ ಒಂದು ದೊಡ್ಡ ದೋಷವುಂಟು; ಅದು ಬೆಳಕನ್ನು ನುಂಗುವುದು. ಚಿನ್ನದ ಸಾಲಿನಲ್ಲಿ ಸೆರೆಸಿಕ್ಕ ಬೆಳಕು ಕ್ಷಣಮಾತ್ರದಲ್ಲಿ ಶಾಖವಾಗಿ ಸೋರಿಹೋಗುವುದು. ಆದಕಾರಣ ಈ ವಿದ್ಯೆಯಲ್ಲಿ ನುಂಗುವಿಕೆಯ ಲೆಕ್ಕವನ್ನೂ ಹಾಕಬೇಕಾಗುವುದು. ಇಲ್ಲಿಯೂ ಬೆಂಗಳೂರಿನ ತರುಣನೇ ಎದುರಾಗುವರು. ಬೆಳಕನ್ನು ನುಂಗುವ ಸ್ಫಟಿಕಗಳ ಕುರಿತು ಅವರು ೧೯೫೫ರಿಂದಲೇ ಬರೆದ ಲೇಖನಗಳಲ್ಲಿ, ಕೆಲವು ವಿಶೇಷವಾದ ದಿಕ್ಕುಗಳಲ್ಲಿ ಬೆಳಕಿನ ಎರಡು ಬಗೆಗಳು ಒಂದರಲ್ಲೊಂದು ಲಯವಾಗಿ ಒಂದೇ ಉಳಿಯುವುದನ್ನು ವಿವರಿಸಿರುವರು. ಇಂತಹ ಸ್ಥಾನಗಳೇ ಇಂದಿನ ಭೌತವಿಜ್ಞಾನದಲ್ಲಿ ಅಸಾಧಾರಣ ಬಿಂದುಗಳೆಂಬ ಹೆಸರಿನಿಂದ ದೇಶದೇಶಗಳಲ್ಲಿ ಶೋಧನೆಗೆ ವಿಷಯವಾಗಿರುವುವು.

೬

ಇಷ್ಟಾದ ಮೇಲೆ ಮೊದಲಿನ ಪ್ರಶ್ನೆಗೆ ಹಿಂದಿರುಗಬಹುದು. ಈ ಲೇಖನವು ಮರೆಯಾದುದು ಏಕೆ? ಭಾರತದ ಪತ್ರಿಕೆಯಲ್ಲಿ ಅಚ್ಚಾದುದರಿಂದ ಎಂದು ಹಲವರು ಹೇಳುವರು. ಭಾರತೀಯರು ತಮ್ಮ ಶೋಧನೆಗಳನ್ನು ಭಾರತದ ಪತ್ರಿಕೆಗಳಲ್ಲಿಯೇ ಪ್ರಕಟಿಸಬೇಕೆಂಬ ಹಟವು ರಾಮನ್ನರಿಗೆ ಇತ್ತು. ಅಕಾಡೆಮಿಯ ನಡವಳಿಯನ್ನು ಅವರು ಹೊರಡಿಸಿದುದೂ ಅದಕ್ಕಾಗಿಯೇ. ಆ ಹಟಕ್ಕೆ ಶಿಷ್ಯನು ಬೆಲೆ ತೆತ್ತನೆಂಬುದು ಆಕ್ಷೇಪ.

ಈ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ; ಆದರೆ ಅದೇ ಪೂರ್ಣ ಸತ್ಯವೂ ಅಲ್ಲ. ರಾಮನ್ನರು ೧೯೨೮ರ ಮಾರ್ಚ್ ೧೬ರಂದು ಬೆಂಗಳೂರಿನಲ್ಲಿ ತಮ್ಮ ಹೊಸ ಶೋಧದ ವಿಷಯವಾಗಿ ಮಾಡಿದ ಉಪನ್ಯಾಸವು ಅಚ್ಚಾದುದು ಭಾರತದ ಪತ್ರಿಕೆಯಲ್ಲಿಯೇ. ಅವರು ಅದರ ಪ್ರತಿಗಳನ್ನು ದೇಶದೇಶಗಳ ವಿದ್ವಾಂಸರಿಗೆ ಅಂಚೆಯಲ್ಲಿ ಕಳುಹಿಸಿದರು, ಲಂಡನ್ನಿನ ನೇಚರ್ ಪತ್ರಿಕೆಗೂ ಸುದ್ದಿಯನ್ನು ಮುಟ್ಟಿಸಿದರು. ಎರಡು ವರ್ಷಗಳಲ್ಲಿ ನೊಬೆಲ್ ಬಹುಮಾನವು ಬಂದಿತು. ಪಂಚರತ್ನಂ ಅವರ ಸ್ವಂತ ಅಣ್ಣಂದಿರಾದ ಎಸ್. ಚಂದ್ರಶೇಖರ್ ಅವರು ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕಗಳನ್ನು ಕಂಡು ೧೯೭೭ರಲ್ಲಿ ಪ್ರಕಟಿಸಿದುದು ಬೆಂಗಳೂರಿನ ಪ್ರಮಾಣ ಪತ್ರಿಕೆಯಲ್ಲಿ. ಅದೂ ಜಗತ್ತಿನಲ್ಲೆಲ್ಲ ಹರಡಿತು. ಹಾಗಿರಲಾಗಿ ಅಚ್ಚಿನ ಮನೆಯೊಂದನ್ನೇ ದೂರುವುದು ಸರಿಯಲ್ಲ. ೧೯೫೬ರಲ್ಲಿ ಆ ಪ್ರಶ್ನೆಯನ್ನು ಕೇಳುವವರೇ ಕಡಮೆಯಾಗಿದ್ದರು. ಪ್ರಶ್ನೆ ಹುಟ್ಟುವ ಮೊದಲೇ ಉತ್ತರವು ಹುಟ್ಟಿತು. ಅಂತಹ ಉತ್ತರವು ಲಂಡನ್ನಿನಲ್ಲಿ ಅಚ್ಚಾಗಿದ್ದರೂ ಕಾಯಬೇಕಾಗುತ್ತಿತ್ತು. ಕಾಯುವಷ್ಟು ಕಾಲ ಅದನ್ನು ಅಳಿಯದಂತೆ ಉಳಿಸುವವರು ಇರುವರೆ, ಕಾಲವು ಬಂದಾಗ ತೆಗೆದು ತೋರಿಸುವವರು ಇರುವರೆ ಎಂಬುದೇ ಮುಖ್ಯವಾದ ಮಾತು. ಪಂಚರತ್ನಂ ಅವರ ಪುಣ್ಯದಿಂದ ಇಬ್ಬಗೆಯವರೂ ಇದ್ದರು. ಸೀರೀಸರು ಲೇಖನಗಳನ್ನು ಗ್ರಂಥಮಾಡಿ ಉಳಿಸಿದರು. ರಾಮಶೇಷನ್ನರೂ ನಿತ್ಯಾನಂದರೂ ಅದನ್ನು ತಕ್ಕ ಗಳಿಗೆಯಲ್ಲಿ ತೆರೆದರು. ತೆರೆದು ತೋರಿಸಿದ್ದೂ ಬೆಂಗಳೂರಿನ ಪತ್ರಿಕೆಯಲ್ಲಿಯೇ ಎಂಬುದನ್ನು ಮರೆಯಲಾಗದು.

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಅರಬ್ಬೀ ದೇಶದಿಂದ ಏಳು ಕಾಫಿಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಈ ಜಿಲ್ಲೆಯ ಐತಿಹ್ಯ. ದೊಡ್ಡ ತೋಟಗಳು ಎದ್ದುದು ಹತ್ತೊಂಬತ್ತನೆಯ ಶತಮಾನದಲ್ಲಿ. ತಂದವರ ಹೆಸರು ಗಿರಿಗೆ ಉಳಿಯಿತು, ತೋಟ ಮಾಡಿದವರ ಹೆಸರುಗಳು ದಾಖಲೆಗಳಲ್ಲಿ ಉಳಿದುವು. ನಡುವಣ ದೀರ್ಘಕಾಲದಲ್ಲಿ ಗಿಡವನ್ನು ತಮ್ಮ ಹಿತ್ತಿಲುಗಳಲ್ಲಿ ಒಣಗಗೊಡದೆ ಕಾಪಾಡಿದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಅವರಿಲ್ಲದಿದ್ದರೆ ತೋಟಗಳೇ ಇರುತ್ತಿರಲಿಲ್ಲ.

ಜಿಲ್ಲೆಯ ಗ್ರಂಥಾಲಯಗಳಲ್ಲಿ, ಶಾಲೆಗಳ ಬೀರುಗಳಲ್ಲಿ, ಹಳೆಯ ಮನೆಗಳ ಅಟ್ಟಗಳಲ್ಲಿ ಇರುವ ಪತ್ರಿಕೆಗಳ ಸಂಪುಟಗಳನ್ನು ರದ್ದಿಗೆ ತೂಗಿಹಾಕುವ ಮೊದಲು ಈ ಸಂಗತಿಯನ್ನು ನೆನೆಯುವುದು ಒಳ್ಳೆಯದು. ಅವುಗಳಲ್ಲಿ ಹೆಚ್ಚಿನವು ಸಾಮಾನ್ಯವಾದ ಬರಹಗಳೇ ಆಗಿರಬಹುದು. ಯಾವುದು ಸಾಮಾನ್ಯ, ಯಾವುದು ಅಸಾಮಾನ್ಯ ಎಂಬುದು ಅಚ್ಚಾದ ದಿನ ತಿಳಿಯುವುದಿಲ್ಲವೆಂಬುದಕ್ಕೆ ೪೪ನೆಯ ಸಂಪುಟದ ೨೪೭ನೆಯ ಪುಟವೇ ಸಾಕ್ಷಿ. ಅಕಾಡೆಮಿಯು ತನ್ನ ಹಳೆಯ ಸಂಪುಟಗಳನ್ನು ಈಗ ಎಲ್ಲರಿಗೂ ಮುಕ್ತವಾಗಿ ತೆರೆದಿಟ್ಟಿರುವುದರಿಂದ, ಕಳಸದ ವಿದ್ಯಾರ್ಥಿಯೊಬ್ಬನು ಮನೆಯ ಜಗಲಿಯಲ್ಲಿ ಕುಳಿತೇ ಆ ಪುಟವನ್ನು ಓದಬಹುದಾಗಿದೆ.